ಸಂವಿಧಾನದಲ್ಲಿ ಹೊರನಾಡ ಕನ್ನಡಿಗನ ನೆಲೆ

(ಸಂವಿಧಾನ ದಿನದ ಅಂಗವಾಗಿ ಹೈದರಾಬಾದಿನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನವೆಂಬರ್ ಎಂದರೆ ನಮ್ಮ ಸಂಘಗಳಿಗೆ ಬಿಡುವಿಲ್ಲದ ತಿಂಗಳು. ಒಂದನೆಯ ತಾರೀಖು ರಾಜ್ಯೋತ್ಸವ. ಇಪ್ಪತ್ತಾರನೆಯ ತಾರೀಖು ಸಂವಿಧಾನ ದಿನ. ಮೊದಲನೆಯದಕ್ಕೆ ಪೆಂಡಾಲು ತುಂಬುತ್ತದೆ, ಎರಡನೆಯದಕ್ಕೆ ಇಂದು ಇಲ್ಲಿ ಕುಳಿತಿರುವಷ್ಟು ಜನ ಸೇರುತ್ತಾರೆ. ಇದರಲ್ಲಿ ದೂರುವಂಥದ್ದೇನೂ ಇಲ್ಲ. ಹಬ್ಬಕ್ಕೆ ಬರುವಷ್ಟು ಜನ ಕಾನೂನಿನ ವ್ಯಾಖ್ಯಾನಕ್ಕೆ ಬರಬೇಕೆಂದು ಯಾವ ಅನುಚ್ಛೇದವೂ ವಿಧಿಸಿಲ್ಲ. ಆದರೆ ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಈ ಎರಡು ದಿನಗಳ ನಡುವೆ ಒಂದು ನಿಕಟವಾದ ನಂಟಿದೆ. ಆ ನಂಟನ್ನು ವಿವರಿಸುವುದೇ ಇಂದು ನನಗೆ ಒಪ್ಪಿಸಿರುವ ಕೆಲಸವೆಂದು ಭಾವಿಸಿದ್ದೇನೆ.

ಮೊದಲಿಗೆ ಒಂದು ಶಬ್ದದ ವಿಚಾರ. ಕನ್ನಡದಲ್ಲಿ 'ಪ್ರಜೆ' ಎಂಬ ಮಾತಿಗೆ ಎರಡು ಮುಖಗಳಿವೆ. ಸಂಸ್ಕೃತದಲ್ಲಿ ಅದು ಸಂತಾನವೆಂಬ ಅರ್ಥದ್ದು. ರಾಜನು ತಂದೆ, ಆಳಿಸಿಕೊಳ್ಳುವವರು ಮಕ್ಕಳು. ಈಗ ನಾವು 'ಪ್ರಜಾಪ್ರಭುತ್ವ' ಎನ್ನುವಾಗ ಅದೇ ಪ್ರಜೆ ಪ್ರಭುವಾಗುತ್ತಾನೆ. ಒಂದೇ ಶಬ್ದದೊಳಗೆ ಆಳಿಸಿಕೊಳ್ಳುವವನೂ ಆಳುವವನೂ ಇದ್ದಾರೆ. ಹೈದರಾಬಾದು ಸಂಸ್ಥಾನದ ಜನ ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ದಾಟಿದ್ದು ಬಹಳ ವಿಚಿತ್ರವಾದ ರೀತಿಯಲ್ಲಿ. ಸಂವಿಧಾನ ರಚನಾ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಿದ್ದರು, ಮುಂಬಯಿ ಕರ್ನಾಟಕದ ರಂಗರಾವ್ ದಿವಾಕರರೂ ನಿಜಲಿಂಗಪ್ಪನವರೂ ಇದ್ದರು. ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು ಮಂಗಳೂರಿನವರು. ಆದರೆ ಹೈದರಾಬಾದು ಸಂಸ್ಥಾನದಿಂದ ಯಾರೂ ಆ ಸಭೆಯಲ್ಲಿ ಕುಳಿತಿರಲಿಲ್ಲ. ಗುಲಬರ್ಗಾ, ರಾಯಚೂರು, ಬೀದರು ಎಂಬ ಮೂರು ಕನ್ನಡ ಜಿಲ್ಲೆಗಳ ಜನರ ದನಿ ಅಲ್ಲಿ ಕೇಳಲೇ ಇಲ್ಲ. 1948ರ ಸೆಪ್ಟೆಂಬರಿನ ಪೊಲೀಸು ಕಾರ್ಯಾಚರಣೆ ಮುಗಿದ ಮೇಲೆ, 1949ರ ನವೆಂಬರ್ 23ರಂದು, ನಿಜಾಮರು ಒಂದು ಫರ್ಮಾನು ಹೊರಡಿಸಿ ಭಾರತದ ಸಂವಿಧಾನವನ್ನು ತಮ್ಮ ಸಂಸ್ಥಾನಕ್ಕೆ ಅಂಗೀಕರಿಸಿದರು. ಪ್ರಜೆಗಳನ್ನು ನಾಗರಿಕರನ್ನಾಗಿ ಮಾಡಿದ ಕೊನೆಯ ಆಜ್ಞೆಯೂ ಅರಸನದ್ದೇ ಆಗಿತ್ತು! ಅದೇ ನಿಜಾಮರು 1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ ಈ ರಾಜ್ಯದ ರಾಜಪ್ರಮುಖರೂ ಆಗಿದ್ದರು.

ಹಾಗಿದ್ದರೂ ಆ ಜನವರಿಯ ಬೆಳಗಿನಲ್ಲಿ ನಮ್ಮ ಹಿರಿಯರಿಗೆ ದೊರೆತದ್ದು ಅಲ್ಪವಲ್ಲ. ಸಾರ್ವಜನಿಕ ಸಭೆ ಸೇರಬೇಕಾದರೆ ಮುಂಚಿತವಾಗಿ ಸರ್ಕಾರದ ಅಪ್ಪಣೆ ಬೇಕಾಗಿದ್ದ ನಾಡು ಇದು. ಉನ್ನತ ಶಿಕ್ಷಣ ಉರ್ದುವಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾನಿಲಯ 1918ರಲ್ಲಿ ಹುಟ್ಟಿದ್ದೇ ಉರ್ದು ಮಾಧ್ಯಮದಲ್ಲಿ. ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಕಲಿಸಬಹುದೆಂದು ತೋರಿಸಿದ ಆ ಪ್ರಯೋಗವನ್ನು ನಾನು ಹಳಿಯುವವನಲ್ಲ. ಆದರೆ ತೆಲುಗು, ಮರಾಠಿ, ಕನ್ನಡಗಳನ್ನಾಡುವ ಬಹುಸಂಖ್ಯೆಯ ಮಕ್ಕಳಿಗೆ ಅದು ತಮ್ಮ ಮನೆಯ ದೇಶಭಾಷೆಯಾಗಿರಲಿಲ್ಲ. ಅಂಥ ಕಾಲದಲ್ಲಿ ಕನ್ನಡ ಶಾಲೆ, ಕನ್ನಡ ಗ್ರಂಥಾಲಯ, ಕನ್ನಡ ಪರಿಷತ್ತು ಎನ್ನುವುದೆಲ್ಲ ಸಾಂಸ್ಕೃತಿಕ ಕಾರ್ಯವೆಂಬ ಹೆಸರಿನಲ್ಲಿ ನಡೆದ ರಾಜಕೀಯವೇ ಆಗಿತ್ತು. ಸಂಸ್ಥಾನದ ವಿಮೋಚನಾ ಹೋರಾಟದ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಹುಟ್ಟಿದ್ದು ಸಿಂದಗಿಯಲ್ಲಿ ಎಂಬುದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ಅವರು ನಡೆಸಿದ್ದು ಮೂರು ಭಾಷೆಗಳ ಜನರನ್ನು ಒಟ್ಟುಗೂಡಿಸಿದ ಹೋರಾಟ ಎಂಬುದನ್ನೂ ಅದರ ಜೊತೆಯಲ್ಲಿ ನೆನೆಯಬೇಕು.

ಇನ್ನು ನವೆಂಬರ್ ಒಂದನೆಯ ತಾರೀಖಿಗೆ ಬರೋಣ. 1956ರಲ್ಲಿ ಹೈದರಾಬಾದು ರಾಜ್ಯ ಮೂರು ಪಾಲಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೆ, ಮರಾಠವಾಡಾ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ. ಆ ಪಾಲಿನ ಕತ್ತರಿ ತಾಲ್ಲೂಕುಗಳ ನಡುವೆಯೂ ಹಾದುಹೋಯಿತು. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ. ಗುಲಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು. ಬೀದರ ಕಡೆಯ ಜಹೀರಾಬಾದು, ನಾರಾಯಣಖೇಡ ಇವು ಆಂಧ್ರಕ್ಕೆ ಸೇರಿದವು. ಅದಕ್ಕೂ ಮೂರು ವರ್ಷ ಹಿಂದೆ, 1953ರಲ್ಲಿ, ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿದ್ದವು. ಗೆರೆಯ ಈಚೆಗೂ ಆಚೆಗೂ ಉಳಿದವರಲ್ಲಿ ಕನ್ನಡ ಮನೆಮಾತಿನವರೂ ಇದ್ದರು, ತೆಲುಗು ಮನೆಮಾತಿನವರೂ ಇದ್ದರು.

ನನ್ನ ತಂದೆಯವರು ರಾಯಚೂರಿನ ಕಡೆಯವರು. ನೌಕರಿಗಾಗಿ ರಾಜಧಾನಿಯೆಂದು ಹೈದರಾಬಾದಿಗೆ ಬಂದವರು. ಅಕ್ಟೋಬರ್ 31ರ ರಾತ್ರಿ ಅವರು ತಮ್ಮ ರಾಜ್ಯದ ರಾಜಧಾನಿಯಲ್ಲಿ ಮಲಗಿದ್ದರು. ಬೆಳಿಗ್ಗೆ ಅದೇ ಕೋಣೆಯಲ್ಲಿ, ಅದೇ ಚಾಪೆಯ ಮೇಲೆ, ಬೇರೊಂದು ರಾಜ್ಯದ ಭಾಷಾ ಅಲ್ಪಸಂಖ್ಯಾತರಾಗಿ ಎದ್ದರು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂಥದೇ ಕಥೆಯಿದೆ. ಹೊರನಾಡಿಗೆ ಹೋಗದೆ ಹೊರನಾಡಿಗರಾದವರು ನಾವು. ಮುಂಬಯಿಗೋ ದಿಲ್ಲಿಗೋ ಹೋದ ಕನ್ನಡಿಗರಿಗೂ ನಮಗೂ ಇರುವ ಅಂತರ ಇದು.

ಇಲ್ಲಿ ಒಂದು ವ್ಯಂಗ್ಯವನ್ನು ಗಮನಿಸಬೇಕು. ಹೈದರಾಬಾದಿನಲ್ಲಿ 'ಮುಲ್ಕಿ' ಎಂಬ ಕಟ್ಟಳೆಯೊಂದಿತ್ತು. 1919ರ ಈ ನಿಯಮಗಳ ಪ್ರಕಾರ ಸಂಸ್ಥಾನದ ನೌಕರಿ ಮುಲ್ಕಿಗಳಿಗೆ, ಅಂದರೆ ಇಲ್ಲಿಯೇ ಹುಟ್ಟಿದವರಿಗೆ ಅಥವಾ 15 ವರ್ಷ ಇಲ್ಲಿ ನೆಲೆಸಿದವರಿಗೆ ಮೀಸಲು. 1952ರಲ್ಲಿ ಹೊರಗಿನಿಂದ ಬಂದ ನೌಕರರ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದರು, 'ಇಡ್ಲಿ ಸಾಂಬಾರ್ ಗೋ ಬ್ಯಾಕ್' ಎಂದು ಕೂಗಿದರು. ಸಿಟಿ ಕಾಲೇಜಿನ ಬಳಿ ಗೋಲಿಬಾರಾಗಿ ಜೀವಗಳು ಹೋದವು. ಆ ಕಾಲದಲ್ಲಿ ಗುಲಬರ್ಗೆಯವನೂ ಬೀದರಿನವನೂ ಈ ನಗರದಲ್ಲಿ ಮುಲ್ಕಿಗಳೇ. ಇಡ್ಲಿ ಸಾಂಬಾರ್ ಎಂದು ಕೂಗಿಸಿಕೊಂಡವರಲ್ಲಿ ಅವರಿರಲಿಲ್ಲ, ಕೂಗಿದವರಲ್ಲಿಯೇ ಕೆಲವರು ಇದ್ದಿರಬಹುದು. ನಾಲ್ಕು ವರ್ಷಗಳಲ್ಲಿ ಗೆರೆ ಸರಿಯಿತು.

ಸಂವಿಧಾನ ಇಂಥ ಗೆರೆಗಳ ಬಗ್ಗೆ ಏನು ಹೇಳುತ್ತದೆ? ಅದರ ನಿಲುವು ಮೂಲತಃ ಸ್ಪಷ್ಟ. ಪೌರತ್ವ ಒಂದೇ, ಕರ್ನಾಟಕದ ಪೌರ, ತೆಲಂಗಾಣದ ಪೌರ ಎಂಬುವರು ಇಲ್ಲ. ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು 19ನೆಯ ಅನುಚ್ಛೇದ ಕೊಟ್ಟಿದೆ. ಹುಟ್ಟಿದ ಸ್ಥಳ, ವಾಸದ ಸ್ಥಳ ಇವುಗಳ ಆಧಾರದ ಮೇಲೆ ಸರ್ಕಾರಿ ನೌಕರಿಯಲ್ಲಿ ಭೇದ ಕೂಡದೆಂದು 16ನೆಯದು ಹೇಳುತ್ತದೆ. ವಾಸದ ಷರತ್ತನ್ನು ವಿಧಿಸುವ ಅಧಿಕಾರ ಸಂಸತ್ತಿಗೆ ಮಾತ್ರ, ರಾಜ್ಯದ ವಿಧಾನ ಸಭೆಗಿಲ್ಲ. ಆ ಅಧಿಕಾರವನ್ನು ಬಳಸಿ 1957ರಲ್ಲಿ ಮಾಡಿದ ಕಾಯಿದೆಯನ್ನು ತೆಲಂಗಾಣಕ್ಕೆ ಅನ್ವಯಿಸಿದಾಗ, ವಾಸವೆಂದರೆ ಇಡೀ ರಾಜ್ಯದ ವಾಸವೇ ಹೊರತು ಅದರ ಒಂದು ಭಾಗದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಅದನ್ನು ತಳ್ಳಿಹಾಕಿತು. ಆ ವರ್ಷ ತೆಲಂಗಾಣ ಹೊತ್ತಿ ಉರಿಯಿತು. 1972ರಲ್ಲಿ ಅದೇ ನ್ಯಾಯಾಲಯ ಹಳೆಯ ಮುಲ್ಕಿ ನಿಯಮಗಳು ಇನ್ನೂ ಜೀವಂತವಾಗಿವೆ ಎಂದಿತು. ಈ ಸಾರಿ ಕರಾವಳಿ ಆಂಧ್ರ ಉರಿಯಿತು. ಕೊನೆಗೆ 1973ರ 32ನೆಯ ತಿದ್ದುಪಡಿಯಿಂದ 371ಡಿ ಎಂಬ ಅನುಚ್ಛೇದ ಬಂದು ಸ್ಥಳೀಯರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಆದ್ಯತೆ ದೊರೆಯಿತು. 2014ರ ಜೂನ್ 2ರಂದು ತೆಲಂಗಾಣ ಪ್ರತ್ಯೇಕ ರಾಜ್ಯವಾದ ಮೇಲೂ ಅದು ಎರಡು ರಾಜ್ಯಗಳಿಗೂ ಅನ್ವಯಿಸುತ್ತಿದೆ.

ಗೆರೆಯ ಆಚೆಗೂ ಇದೇ ಮಾದರಿ ಹರಡಿತು. ನಮ್ಮ ಗುಲಬರ್ಗಾ, ಅಂದರೆ ಇಂದಿನ ಕಲಬುರಗಿ, ಭಾಗಕ್ಕೆ 2012ರ 98ನೆಯ ತಿದ್ದುಪಡಿಯ ಮೂಲಕ 371ಜೆ ದೊರೆಯಿತು; ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಫಲ ಅದು. ಆ ಪ್ರದೇಶಕ್ಕೆ ಜನ್ಮದಿಂದ ಅಥವಾ ವಾಸದಿಂದ ಸೇರಿದವರಿಗೆ ಅಲ್ಲಿ ಮೀಸಲಾತಿ. ನಿಜಾಮರ ಕಾಲದ ಹಿಂದುಳಿದಿರುವಿಕೆಗೆ ಪರಿಹಾರ ಬೇಕಾಗಿತ್ತು. ಅದನ್ನು ನಾನು ಒಪ್ಪುತ್ತೇನೆ. ಆದರೆ ಅದೇ ನಿಜಾಮರ ನಾಡಿನ ಕನ್ನಡ ಕುಟುಂಬದಲ್ಲಿ, ಕಾಚಿಗುಡದಲ್ಲಿಯೋ ಮಲಕಪೇಟೆಯಲ್ಲಿಯೋ ಹುಟ್ಟಿ ಬೆಳೆದ ಹುಡುಗಿ ಆ ಪರಿಹಾರ ಕೇಳಲು ಹೋದರೆ, ಮೊದಲು ತಾನು ಅಲ್ಲಿಯವಳೆಂದು ಸಾಧಿಸಬೇಕು. ಹೆಸರು ಕನ್ನಡದ್ದಾದರೆ ಸಾಲದು, ದಾಖಲೆ ಬೇಕು. ಇಲ್ಲಿ ತೆಲುಗು ಬಾರದವನೆಂದು ನೋಡುತ್ತಾರೆ, ಅಲ್ಲಿ ಹೈದರಾಬಾದಿನವರೆಂದು ನಗುತ್ತಾರೆ. ಇರಲಿ.

ಈಗ ಇನ್ನೊಬ್ಬ ಕನ್ನಡಿಗರ ಪ್ರಸಂಗವನ್ನು ಹೇಳಬೇಕು. ಅವರೂ ಎಲ್ಲಿಗೂ ಹೋಗದೆ ಹೊರನಾಡಿಗರಾದವರೇ. 1956ರ ಅದೇ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಎಡನೀರು ಮಠದ ಪೀಠವನ್ನು ಎಳೆಯ ವಯಸ್ಸಿನಲ್ಲಿ ಏರಿದ ಕೇಶವಾನಂದ ಭಾರತೀ ಸ್ವಾಮಿಗಳು ಸಂಗೀತ, ಯಕ್ಷಗಾನಗಳಲ್ಲಿ ಆಸಕ್ತರಾಗಿದ್ದವರು. ಕೇರಳದ ಭೂಸುಧಾರಣಾ ಶಾಸನದಿಂದ ಮಠದ ಭೂಮಿಗೆ ಕುತ್ತು ಬಂದಾಗ 1970ರಲ್ಲಿ ಅವರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಮಠದ ಪರವಾಗಿ ನಾನಿ ಪಾಲ್ಖೀವಾಲಾ ವಾದಿಸಿದರು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿತು. ಅಷ್ಟು ದೊಡ್ಡ ಪೀಠ ಅದಕ್ಕೆ ಮೊದಲೂ ಕುಳಿತಿರಲಿಲ್ಲ, ಆಮೇಲೂ ಕುಳಿತಿಲ್ಲ. 1973ರ ಏಪ್ರಿಲ್ 24ರಂದು, ಏಳು ಆರರ ಅತ್ಯಲ್ಪ ಬಹುಮತದಿಂದ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು.

ಭೂಮಿಯ ಮಟ್ಟಿಗೆ ಮಠಕ್ಕೆ ಗೆಲುವು ಸಿಗಲಿಲ್ಲ. ಗೇಣಿದಾರನಿಗೆ ಭೂಮಿ ದೊರೆತದ್ದರ ಬಗ್ಗೆ ನನಗೆ ವಿಷಾದವೂ ಇಲ್ಲ. ಆದರೆ ಕಾಸರಗೋಡಿನ ಒಂದು ಕನ್ನಡ ಮಠದ ಅರ್ಜಿಯಿಂದ ಈ ದೇಶದ ಪ್ರತಿ ಸರ್ಕಾರಕ್ಕೂ ಒಂದು ಮೇರೆ ಬಿತ್ತು. ಆ ಪೀಠದಲ್ಲಿ ನಮಗೆ ಹತ್ತಿರದ ಇಬ್ಬರಿದ್ದರು. ಒಬ್ಬರು ಕಾರ್ಕಳದ ಕಡೆಯ ಕೆ.ಎಸ್. ಹೆಗ್ಡೆಯವರು, ಇನ್ನೊಬ್ಬರು ಈ ನಗರದವರೇ ಆದ ಪಿ. ಜಗನ್ಮೋಹನ ರೆಡ್ಡಿಯವರು. ಇಬ್ಬರೂ ಆ ಏಳು ಮಂದಿಯಲ್ಲಿದ್ದರು. ಇಬ್ಬರಲ್ಲಿ ಒಬ್ಬರು ಆಚೆಗೆ ಹೋಗಿದ್ದರೂ ಬಹುಮತ ಬುಡಮೇಲಾಗುತ್ತಿತ್ತು. ಅದರ ಬೆಲೆಯನ್ನೂ ಹೆಗ್ಡೆಯವರು ತೆತ್ತರು. ತೀರ್ಪು ಬಂದ ಕೂಡಲೆ ಅವರನ್ನೂ ಶೆಲಾತ್, ಗ್ರೋವರ್ ಅವರನ್ನೂ ಹಿಂದೆ ಹಾಕಿ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಸ್ವಾಮಿಗಳು 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರು ಕಾನೂನು ಓದುವ ಪ್ರತಿ ವಿದ್ಯಾರ್ಥಿಯ ಬಾಯಲ್ಲಿದೆ. ಅವರು ಕನ್ನಡದವರೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆ.

ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಅಲ್ಪಸಂಖ್ಯಾತರಾದ ನಮಗೆ ಸಂವಿಧಾನ ಕೊಟ್ಟಿರುವ ರಕ್ಷಣೆಯೆಲ್ಲವೂ ಬಹುಮತದ ಸರ್ಕಾರಕ್ಕೆ ಮೇರೆಯುಂಟು ಎಂಬ ಈ ತತ್ತ್ವದ ಮೇಲೆಯೇ ನಿಂತಿದೆ. ಮೇರೆ ಇಲ್ಲವಾದರೆ ಎಣಿಕೆಯಲ್ಲಿ ಕಡಿಮೆ ಇರುವವರಿಗೆ ದಯೆಯೊಂದೇ ಗತಿ.

ನಮ್ಮ ಹಕ್ಕುಗಳು ಯಾವುವು? ಪ್ರತ್ಯೇಕ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ನಾಗರಿಕರಿಗೆ ಅವನ್ನು ಉಳಿಸಿಕೊಳ್ಳುವ ಹಕ್ಕು 29ನೆಯ ಅನುಚ್ಛೇದದ್ದು. ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು 30ನೆಯದು. ಇವೆರಡೂ ಮೂಲಭೂತ ಹಕ್ಕುಗಳು. ಭಂಗ ಬಂದರೆ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಪಸಂಖ್ಯಾತರೆಂದರೆ ಯಾರು ಎಂಬ ಪ್ರಶ್ನೆ ಬಹುಕಾಲ ಕಾಡಿತು. ಅದಕ್ಕೆ ಉತ್ತರ ಬಂದದ್ದೂ ಕರ್ನಾಟಕದ ಮೊಕದ್ದಮೆಯೊಂದರಲ್ಲಿ: ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ರಾಜ್ಯವನ್ನೇ ಘಟಕವೆಂದಿಟ್ಟು ಅಲ್ಪಸಂಖ್ಯಾತರನ್ನು ನಿರ್ಧರಿಸಬೇಕೆಂದಿತು. ರಾಜ್ಯಗಳು ಭಾಷೆಯ ಆಧಾರದ ಮೇಲೆ ರಚನೆಯಾಗಿವೆ. ಆದ್ದರಿಂದ ಭಾಷಾ ಅಲ್ಪಸಂಖ್ಯಾತರನ್ನೂ ರಾಜ್ಯವಾರು ಗುರುತಿಸಬೇಕು. ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡೋಣ. ಬೆಂಗಳೂರಿನಲ್ಲಿ ಕನ್ನಡಿಗ ಬಹುಸಂಖ್ಯಾತ, ತೆಲುಗಿನವನು ಅಲ್ಪಸಂಖ್ಯಾತ. ಸಂಜೆ ಕಾಚಿಗುಡ ಎಕ್ಸ್‌ಪ್ರೆಸ್ಸು ಹತ್ತಿ ಬೆಳಿಗ್ಗೆ ಇಲ್ಲಿ ಇಳಿಯುವಷ್ಟರಲ್ಲಿ ಇಬ್ಬರ ಸ್ಥಾನವೂ ಅದಲು ಬದಲಾಗಿರುತ್ತದೆ. ಅಲ್ಪಸಂಖ್ಯಾತನೆಂಬುದು ಒಂದು ಜಾತಿಯಲ್ಲ, ಒಂದು ಸ್ಥಾನ. ಇಂದು ನಾವು ಅದರಲ್ಲಿದ್ದೇವೆ.

ಇವೆರಡರ ಆಚೆಗೆ ಇನ್ನೊಂದಿದೆ. ರಾಜ್ಯ ಪುನರ್ವಿಂಗಡಣೆಯೊಂದಿಗೆ, ಅದೇ 1956ರ 7ನೆಯ ತಿದ್ದುಪಡಿಯ ಮೂಲಕ, 350ಎ ಮತ್ತು 350ಬಿ ಅನುಚ್ಛೇದಗಳು ಬಂದವು. ಗೆರೆ ಎಳೆದವರಿಗೆ ಗೆರೆಯ ತಪ್ಪು ಬದಿಯಲ್ಲಿ ಉಳಿಯುವವರ ಅರಿವಿತ್ತು ಎಂಬುದಕ್ಕೆ ಇವು ಸಾಕ್ಷಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಕರ್ಯ ಒದಗಿಸುವ ಪ್ರಯತ್ನ ಪ್ರತಿ ರಾಜ್ಯದ, ಪ್ರತಿ ಸ್ಥಳೀಯ ಸಂಸ್ಥೆಯ ಕರ್ತವ್ಯ ಎನ್ನುತ್ತದೆ 350ಎ. ಇದಕ್ಕಾಗಿ ರಾಷ್ಟ್ರಪತಿಗಳು ನಿರ್ದೇಶನವನ್ನೂ ನೀಡಬಹುದು. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಆಯುಕ್ತರೊಬ್ಬರು ಇರುತ್ತಾರೆ. ಅವರ ವರದಿ ಸಂಸತ್ತಿನ ಮುಂದೆ ಬರುತ್ತದೆ.

'ಪ್ರಯತ್ನ' ಎಂಬ ಶಬ್ದವನ್ನು ನೀವು ಗಮನಿಸಿರಬಹುದು. ಕಾನೂನಿನಲ್ಲಿ ಇದು ಮೆತ್ತನೆಯ ಶಬ್ದ. ಎಷ್ಟು ಪ್ರಯತ್ನ? ಯಾವಾಗ? ಈ ಮೆತ್ತನೆಯ ಶಬ್ದಕ್ಕೆ ಎಲುಬು ಕೊಡುವ ಒಂದು ಒಪ್ಪಂದ ಮೊದಲೇ ಇತ್ತು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಲೆಕ್ಕ ಹಾಕಿದರು: ಶಾಲೆಯಲ್ಲಿ ಒಟ್ಟು 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಾಗಿದ್ದರೆ ಅವರಿಗೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯರನ್ನು ನೇಮಿಸಬೇಕು. ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಅಧಿಕಾರಿಯಲ್ಲ, ತಂದೆ ತಾಯಿ ಅಥವಾ ಪೋಷಕರು. ನಂತರದ ವರ್ಷಗಳಲ್ಲಿ ಇದಕ್ಕೆ ಪೂರಕವಾಗಿ ಎರಡು ಏರ್ಪಾಟುಗಳು ಸೇರಿದವು: ಶಾಲೆ ತೆರೆಯುವ ಮೊದಲೇ ಇಂಥ ಮಕ್ಕಳ ಹೆಸರನ್ನು ಮುಂಗಡವಾಗಿ ನೋಂದಾಯಿಸಿಕೊಳ್ಳುವುದು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ನೆರೆಯ ಶಾಲೆಯ ಮಕ್ಕಳೊಂದಿಗೆ ಹೊಂದಿಸುವುದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯೇ ಮಾಧ್ಯಮವಾಗಿರಲಿ ಎಂದಿದೆ.

1949ರ ಲೆಕ್ಕ ಶಾಸನವಲ್ಲ, ಸರ್ಕಾರಗಳು ಒಪ್ಪಿಕೊಂಡ ಕ್ರಮ. ನ್ಯಾಯಾಲಯದಲ್ಲಿ ಅದನ್ನು ಹಿಡಿದು ಗೆಲ್ಲುವುದು ಸುಲಭವೆಂದು ನಾನು ನಿಮಗೆ ಆಸೆ ಹುಟ್ಟಿಸಲಾರೆ. ಆದರೆ ಅಧಿಕಾರಿಯ ಮೇಜಿನ ಮುಂದೆ ನಿಂತಾಗ ಅದಕ್ಕಿಂತ ಹರಿತವಾದ ಸಾಧನ ನಮಗೆ ಇನ್ನೊಂದಿಲ್ಲ. ನಾವು ನಾಲ್ಕಾರು ಮಂದಿ ಕೆಲವು ವರ್ಷಗಳ ಹಿಂದೆ ಈ ನಗರದ ಒಂದು ಶಾಲೆಗೆ ಹೋಗಿ ಕನ್ನಡ ಕಲಿಸುವ ಏರ್ಪಾಟು ಬೇಕೆಂದು ಕೇಳಿದೆವು. ಮುಖ್ಯೋಪಾಧ್ಯಾಯರು ಸೌಜನ್ಯದಿಂದಲೇ ಮಾತನಾಡಿದರು. "ಮೂರನೆಯ ತರಗತಿಗೆ ಹತ್ತು ಹೆಸರು ತನ್ನಿ, ಮಿಕ್ಕದ್ದನ್ನು ಆಮೇಲೆ ನೋಡೋಣ" ಎಂದರು. ಎರಡು ವಾರ ಮನೆಮನೆ ಅಲೆದೆವು. ಸಿಕ್ಕಿದ್ದು ಆರು ಹೆಸರು. ಆ ವರ್ಷದ ರಾಜ್ಯೋತ್ಸವದ ಊಟಕ್ಕೆ ಅದೇ ಬಡಾವಣೆಯಿಂದ ಮುನ್ನೂರು ಎಲೆ ಬಿದ್ದಿದ್ದವು. ಒಬ್ಬ ತಾಯಿ ನನಗೆ ನೇರವಾಗಿಯೇ ಹೇಳಿದರು: "ಅಣ್ಣಾ, ಕನ್ನಡ ಮನೆಯಲ್ಲಿ ಹೇಗೂ ಬರುತ್ತದೆ. ಇಂಗ್ಲಿಷು, ತೆಲುಗು, ಹಿಂದಿ, ಅದರ ಮೇಲೆ ಇದೂ ಬೇಕೆ ಮಗುವಿಗೆ?"

ಆ ತಾಯಿಯ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮಗುವಿನ ಚೀಲದ ಭಾರ ಅವರು ಹೊತ್ತು ನೋಡಿದ್ದಾರೆ, ನಾವು ಭಾಷಣಕಾರರು ನೋಡಿಲ್ಲ. ತೆಲಂಗಾಣದ ಶಾಲೆಗಳಲ್ಲಿ 2018ರ ಕಾಯಿದೆಯಿಂದ ತೆಲುಗು ಕಡ್ಡಾಯವಾಗಿದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಕರ್ನಾಟಕವೂ 2015ರ ಕಾಯಿದೆಯಿಂದ ಅಲ್ಲಿನ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದೆ, ನಾವು ಅದನ್ನು ಮೆಚ್ಚಿಕೊಂಡಿದ್ದೇವೆ. ಅನ್ನ ಕೊಟ್ಟ ನೆಲದ ಭಾಷೆಯನ್ನು ಚೆನ್ನಾಗಿ ಕಲಿಯದವನು ಇಲ್ಲಿನ ಅರ್ಧ ನಾಗರಿಕ. ಆದರೆ ಆ ತಾಯಿಯ ಮಾತಿನಲ್ಲಿ ಒಂದು ಲೆಕ್ಕ ತಪ್ಪಿದೆ. ಮನೆಯಲ್ಲಿ ಬರುವುದು ಆಡುವ ಕನ್ನಡ. ಓದುವ ಬರೆಯುವ ಕನ್ನಡ ಕಲಿಸದೆ ಬರದು. ಈ ಸಭೆಯಲ್ಲಿಯೇ ಕುಳಿತಿರುವ ತರುಣರಲ್ಲಿ ಎಷ್ಟು ಮಂದಿ ನಮ್ಮ ತ್ರೈಮಾಸಿಕವನ್ನು ಓದಬಲ್ಲರು? ಕೈ ಎತ್ತಿರೆಂದು ಕೇಳುವುದಿಲ್ಲ, ಸಂಕೋಚವಾದೀತು.

ಮಾತೃಭಾಷಾ ಮಾಧ್ಯಮದ ವಿಚಾರದಲ್ಲಿ ಸರ್ವೋಚ್ಚ ನ್ಯಾಯಾಲಯ 2014ರ ಮೇ ತಿಂಗಳಿನಲ್ಲಿ ಕೊಟ್ಟ ತೀರ್ಪು ಕರ್ನಾಟಕದಲ್ಲಿ ಬಹಳ ನೋವುಂಟುಮಾಡಿತು. 1994ರ ಭಾಷಾ ನೀತಿಯ ಆಜ್ಞೆಯಿಂದ ಹುಟ್ಟಿದ ಆ ವ್ಯಾಜ್ಯದಲ್ಲಿ ಐವರ ಪೀಠ, ಮಗುವಿನ ಮಾಧ್ಯಮವನ್ನು ಆರಿಸುವವರು ತಂದೆತಾಯಿಗಳು, ಸರ್ಕಾರ ಅದನ್ನು ಹೇರಲಾಗದು ಎಂದಿತು. ಕನ್ನಡದ ಹಿರಿಯ ಲೇಖಕರು ಮರುಗಿದರು. ಅವರ ಆತಂಕ ನ್ಯಾಯವಾದದ್ದೇ. ಆದರೆ ಹೈದರಾಬಾದಿನಲ್ಲಿ ನಿಂತು ಓದಿದಾಗ ಆ ತೀರ್ಪಿನ ಬಣ್ಣ ಬೇರೆಯಾಗಿ ಕಾಣುತ್ತದೆ. ಇಲ್ಲಿನ ಸರ್ಕಾರ ನಾಳೆ ತನ್ನ ಭಾಷೆಯೊಂದೇ ಮಾಧ್ಯಮವೆಂದು ಹೇರಿದರೆ ಕನ್ನಡ ತಾಯ್ತಂದೆಗಳ ಕೈಯಲ್ಲಿರುವ ಗುರಾಣಿ ಅದೇ ತೀರ್ಪು. ಬೆಂಗಳೂರಿನ ನಮ್ಮ ಗೆಳೆಯರಿಗೆ ಇದನ್ನು ಹೇಳಿದಾಗ ಅವರು ಮುಖ ಸಿಂಡರಿಸುತ್ತಾರೆ. ಪಾವಗಡದ, ಬಾಗೇಪಲ್ಲಿಯ ತೆಲುಗು ಮಗುವಿಗೆ, ಬೆಳಗಾವಿಯ ಮರಾಠಿ ಮಗುವಿಗೆ, ಕಲಬುರಗಿಯ ಉರ್ದು ಮಗುವಿಗೆ 350ಎ ಎಷ್ಟು ಸಲ್ಲುತ್ತದೆಯೋ ನಮ್ಮ ಮಗುವಿಗೆ ಇಲ್ಲಿ ಅಷ್ಟೇ ಸಲ್ಲುತ್ತದೆ. ಅಲ್ಲಿ ಕಿತ್ತುಕೊಂಡು ಇಲ್ಲಿ ಕೇಳುವಂತಿಲ್ಲ. ಹೊರನಾಡ ಕನ್ನಡಿಗರು ಒಳನಾಡಿಗೆ ಹೇಳಬೇಕಾದ, ಅವರಿಗೆ ಅಷ್ಟೇನೂ ರುಚಿಸದ ಮಾತು ಇದು. ಹೇಳುವ ಅರ್ಹತೆ ನಮಗೆ ಮಾತ್ರ ಇದೆ ಎಂದು ನನ್ನ ನಂಬಿಕೆ.

ಕರ್ತವ್ಯಗಳ ಬಗ್ಗೆ ಬಹಳ ಹೇಳುವುದಿಲ್ಲ. 51ಎ ಎಂಬ ಮೂಲಭೂತ ಕರ್ತವ್ಯಗಳ ಪಟ್ಟಿ 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೆಯ ತಿದ್ದುಪಡಿಯ ಮೂಲಕ ಸೇರಿತು. ಹಕ್ಕುಗಳನ್ನು ಅಮಾನತಿನಲ್ಲಿಟ್ಟ ಕಾಲದಲ್ಲಿ ಕರ್ತವ್ಯಗಳನ್ನು ನೆನಪಿಸಿದ ಸರ್ಕಾರದ ಉತ್ಸಾಹವನ್ನು ನಾನು ಸಂಶಯದಿಂದಲೇ ನೋಡುತ್ತೇನೆ. ಆದರೂ ಅದರಲ್ಲಿ ಭಾಷೆಯ ಭೇದವನ್ನು ಮೀರಿದ ಸೌಹಾರ್ದ, ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯ ರಕ್ಷಣೆ ಎಂಬ ಎರಡು ಅಂಶಗಳಿವೆ. ಹೈದರಾಬಾದಿನಲ್ಲಿ ಬದುಕುವವರಿಗೆ ಇವನ್ನು ಯಾರೂ ಕಲಿಸಬೇಕಾಗಿಲ್ಲ. ನನಗೆ ಮುಖ್ಯವಾಗಿ ಕಾಣುವ ಕರ್ತವ್ಯ ಆ ಪಟ್ಟಿಯಲ್ಲಿಲ್ಲ, 1948ರ ಜನಗಣತಿ ಕಾಯಿದೆಯಲ್ಲಿದೆ. ಗಣತಿದಾರರ ಪ್ರಶ್ನೆಗೆ ತನಗೆ ತಿಳಿದ ಮಟ್ಟಿಗೆ ನಿಜವಾದ ಉತ್ತರ ಕೊಡಲು ಪ್ರತಿಯೊಬ್ಬನೂ ಕಾನೂನಿನಿಂದ ಬದ್ಧ. 2021ರಲ್ಲಿ ನಡೆಯದೆ ಮುಂದೂಡಲ್ಪಟ್ಟ ಗಣತಿಯನ್ನು 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ನಡೆಸುವುದಾಗಿ 2025ರ ಜೂನಿನಲ್ಲಿ ಅಧಿಸೂಚನೆ ಹೊರಟಿತು. ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ತನ್ನೊಡನೆ ಆಡುತ್ತಿದ್ದ ಭಾಷೆ. ತಾಯಿ ಎಳವೆಯಲ್ಲಿಯೇ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಗಣತಿ ಇಟ್ಟುಕೊಂಡು ಬಂದಿರುವ ಅರ್ಥ ಇದು. ವಾಸಿಸುವ ರಾಜ್ಯದ ಭಾಷೆಯಲ್ಲ, ಶಾಲೆಯ ಭಾಷೆಯಲ್ಲ. ಎಷ್ಟೋ ಮನೆಗಳಲ್ಲಿ ಗಣತಿದಾರ ತೆಲುಗಿನಲ್ಲಿ ಮಾತನಾಡಿಸುತ್ತಾನೆ, ನಾವು ತೆಲುಗಿನಲ್ಲಿ ಉತ್ತರಿಸುತ್ತೇವೆ, ಅವನು ಕೇಳದೆಯೇ ತೆಲುಗು ಎಂದು ಬರೆದುಕೊಳ್ಳುತ್ತಾನೆ. ಅವನನ್ನು ಬೈದು ಫಲವಿಲ್ಲ. ಕನ್ನಡ ಎಂದು ಹೇಳಿ, ಬರೆದದ್ದನ್ನು ತೋರಿಸೆಂದು ಕೇಳಿ. ತಿಳಿದಿರುವ ಬೇರೆ ಭಾಷೆಗಳನ್ನು ದಾಖಲಿಸಲು ಗಣತಿಯಲ್ಲಿ ಅವಕಾಶ ಇದ್ದೇ ಇದೆ. ತೆಲುಗು, ಉರ್ದುಗಳನ್ನು ಅಲ್ಲಿ ಸಂತೋಷದಿಂದ ಬರೆಸಿ. ತಾಯಿ ತೆಲುಗಿನವರಾಗಿದ್ದರೆ, ಅಭಿಮಾನಕ್ಕಾಗಿ ಕನ್ನಡ ಎಂದು ಬರೆಸುವುದೂ ಬೇಡ, ಅದೂ ಸುಳ್ಳೇ.

ಕೊನೆಯದಾಗಿ ಕೆಲಸದ ಮಾತು. ಹೊರಗೆ ಮೇಜಿನ ಮೇಲೆ ಒಂದು ದಾಖಲೆ ಪುಸ್ತಕ ಇಟ್ಟಿದ್ದೇವೆ. ಬರುವ ಜೂನಿನಲ್ಲಿ ಶಾಲೆಗಳು ತೆರೆಯುವ ಮೊದಲು, ಕನ್ನಡ ಕಲಿಯಬೇಕೆಂದು ಬಯಸುವ ಮಕ್ಕಳ ಹೆಸರನ್ನು ಅದರಲ್ಲಿ ಸಂಗ್ರಹಿಸಿ ಶಿಕ್ಷಣ ಇಲಾಖೆಗೆ ಕೊಡುವುದು, ಅದರ ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕಳುಹಿಸುವುದು ಎಂದು ಯೋಜನೆ. ಮಗುವಿನ ಹೆಸರು, ಶಾಲೆ, ಬಡಾವಣೆ, ತಂದೆ ಅಥವಾ ತಾಯಿಯ ಸಹಿ ಇವಿಷ್ಟು ಸಾಕು. ನೆರೆಯ ಶಾಲೆಗಳ ಮಕ್ಕಳನ್ನು ಹೊಂದಿಸಲು ಅನುಕೂಲವಾಗುವಂತೆ ಬಡಾವಣೆಗೊಂದು ಪುಟ ಬಿಟ್ಟಿದ್ದೇವೆ. ತರಗತಿಯನ್ನು ಬರೆ��ುವುದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಹತ್ತರ ಲೆಕ್ಕವನ್ನು ಅವರು ತರಗತಿವಾರು ಹಾಕುತ್ತಾರೆ.